ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ಲಿನಕ್ಸ್ ಮಿಂಟ್: ಮೂರು ವರ್ಷ ಬಳಸಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆಯ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ, ಪಂಚಾಯತಿಗೆ ಕೊಡುವ ಮಲಯಾಳಂ ಅರ್ಜಿ, ಎಲ್ಲವೂ 2016ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಯಬೇಕು. ಆರನೇ ತಲೆಮಾರಿನ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ; ವಿಂಡೋಸ್ 10ರ ಬೆಂಬಲಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನ ಎಂಬುದು ಮೊದಲೇ ಗೊತ್ತಿತ್ತು. ಗಟ್ಟಿಮುಟ್ಟಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ದಾರಿ ತೋರಿಸಿದವಳು ಮಗಳು. ಕೇರಳದ ಸರಕಾರಿ ಶಾಲೆಗಳ ಲ್ಯಾಬ್‌ಗಳಲ್ಲಿ ಇರುವುದು ಉಬುಂಟು ಆಧಾರಿತ ಕೈಟ್ ಗ್ನು/ಲಿನಕ್ಸ್; ಲಿನಕ್ಸ್ ಎಂದರೆ ವಿಂಡೋಸ್‌ನ ಬದಲಿಗೆ ಯಂತ್ರವನ್ನು ನಡೆಸಬಲ್ಲ ಮುಕ್ತ ವ್ಯವಸ್ಥೆ, ಉಬುಂಟು ಅದರ ಒಂದು ರೂಪ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಚಿತ್ರ ತಿದ್ದುವ ಜಿಂಪ್, ಚಿತ್ರ ರಚಿಸುವ ಇಂಕ್‌ಸ್ಕೇಪ್ ಕಲಿಯುತ್ತಾರೆ. ಅವಳ ಕೈಗೆ ಪಳಗಿದ್ದು ನನ್ನ ಕೈಗೇಕೆ ಪಳಗಬಾರದು ಎಂದುಕೊಂಡು 2022ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್‌ನ ಇನ್ನೊಂದು ರೂಪವಾದ ಮಿಂಟ್ 21 ಹಾಕಿದೆ.

ಯಂತ್ರದ ಬಿಡಿಭಾಗಗಳನ್ನು ಓಡಿಸುವ ತಂತ್ರಾಂಶಗಳಾದ ಡ್ರೈವರ್‌ಗಳ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬದಲಾಗಲು ಹೊರಟವರೆಲ್ಲ ಹೆದರುವುದು ಅದಕ್ಕೇ. ವಿಂಡೋಸನ್ನು ಹೊಸದಾಗಿ ಹಾಕಿದಾಗಲೆಲ್ಲ ಗ್ರಾಫಿಕ್ಸ್, ಧ್ವನಿ, ಟಚ್‌ಪ್ಯಾಡ್, ಕಾರ್ಡ್ ರೀಡರ್ ಎಂದು ಒಂದೊಂದನ್ನೇ ತಯಾರಕರ ತಾಣದಿಂದ ಹುಡುಕಿ ತರುತ್ತಿದ್ದೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗೇ ಇರುತ್ತವೆ. ಪೆನ್‌ಡ್ರೈವ್‌ನಿಂದ ಬೂಟ್ ಆದ ಕೂಡಲೇ ಪರದೆ ಸರಿಯಾದ ಅಳತೆಯಲ್ಲಿ ಬಂತು, ಸ್ಪೀಕರ್ ಮಾತಾಡಿತು, ಸ್ಕ್ಯಾನರ್ ಕೂಡ ಓಡಿತು. ನಾನು ಅಷ್ಟಕ್ಕೇ ತೃಪ್ತನಾಗಿ ಇನ್‌ಸ್ಟಾಲ್ ಒತ್ತಿದ್ದು ತಪ್ಪು. ವೈ-ಫೈಯನ್ನು ನೋಡಿರಲಿಲ್ಲ.

ಆ ಲ್ಯಾಪ್‌ಟಾಪ್‌ನ ವೈ-ಫೈ ಚಿಪ್‌ಗೆ ಮುಕ್ತ ಡ್ರೈವರ್ ಇಲ್ಲ. ತಯಾರಕರ ಮುಚ್ಚಿದ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಅದೇ ಡ್ರೈವರ್ ಬೇಕು. ಈ ಗಂಟನ್ನು ಬಿಡಿಸಿದ್ದು ಮೊಬೈಲ್: ಚಾರ್ಜರ್‌ನ ಕೇಬಲ್‌ನಿಂದ ಜೋಡಿಸಿ, ಮೊಬೈಲ್‌ನ ಇಂಟರ್ನೆಟ್ ಹಂಚುವ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಸಾಕು, ಅದಕ್ಕೆ ಯಾವ ಡ್ರೈವರೂ ಬೇಕಾಗಲಿಲ್ಲ. ಬಳಿಕ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು, ಅದು ಸೂಚಿಸಿದ್ದನ್ನು ಆರಿಸಿ, ಮರುಪ್ರಾರಂಭಿಸಿದೆ. ಆದರೂ ವೈ-ಫೈ ಬರಲಿಲ್ಲ. ಕಾರಣ ತಿಳಿಯಲು ಎರಡು ರಾತ್ರಿ ಬೇಕಾಯಿತು. ಸಹಿಯಿಲ್ಲದ ತಂತ್ರಾಂಶವನ್ನು ಯಂತ್ರ ಏಳುವಾಗಲೇ ತಡೆಯುವ ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಹೊರಗಿನ ಡ್ರೈವರ್‌ಗೆ ಒಂದು ಕೀಲಿಯ ಸಹಿ ಬೇಕು. ಅದಕ್ಕಾಗಿ ಮೊದಲು ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಪ್ರಾರಂಭದಲ್ಲಿ ನೀಲಿ ಪರದೆಯೊಂದು ಮೂಡುತ್ತದೆ. ಅಲ್ಲಿ ‘ಎನ್‌ರೋಲ್ ಮೋಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನಾನು ಅದನ್ನು ದೋಷದ ಸೂಚನೆ ಎಂದು ತಿಳಿದು ದಾಟಿಬಿಟ್ಟಿದ್ದೆ. ದಯವಿಟ್ಟು ನೀವು ದಾಟಬೇಡಿ.

ಒಮ್ಮೆ ಹಾಕಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಕರ್ನಲ್ ಹೊಸದಾದಾಗಲೆಲ್ಲ ಇಂತಹ ಡ್ರೈವರ್ ಹಿನ್ನೆಲೆಯಲ್ಲಿ ಮತ್ತೆ ಕಟ್ಟಿಕೊಳ್ಳಬೇಕು. ಮೂರು ವರ್ಷಗಳಲ್ಲಿ ಒಂದು ಸಲ ಅದು ಆಗಲಿಲ್ಲ, ಅದೂ ಜಾತ್ರೆಯ ಕರಪತ್ರದ ಗಡಿಬಿಡಿಯ ದಿನ. ಬೂಟ್ ಪಟ್ಟಿಯ ‘ಅಡ್ವಾನ್ಸ್‌ಡ್’ ಆಯ್ಕೆಯಲ್ಲಿ ಹಳೆಯ ಕರ್ನಲ್ ಇನ್ನೂ ಇತ್ತು. ಅದರಿಂದ ಏಳಿಸಿದಾಗ ವೈ-ಫೈ ಮರಳಿತು. ಹಾಗಾಗಿ ಹಳೆಯ ಕರ್ನಲ್ ಒಂದನ್ನು ನಾನು ಎಂದೂ ಅಳಿಸುವುದಿಲ್ಲ. ಮುಖ್ಯ ಅಪ್‌ಡೇಟ್‌ಗೆ ಮುನ್ನ ಟೈಮ್‌ಶಿಫ್ಟ್ ಎಂಬ ಸಲಕರಣೆಯಲ್ಲಿ ಇಡೀ ವ್ಯವಸ್ಥೆಯ ಒಂದು ಪ್ರತಿ ತೆಗೆದಿಡುತ್ತೇನೆ. 2024ರ ಕೊನೆಗೆ ಮಿಂಟ್ 22ಕ್ಕೆ ಏರಿದ್ದು ಈ ಧೈರ್ಯದಿಂದಲೇ. ಅದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ.

ಪ್ರಿಂಟರ್ ವಿಷಯದಲ್ಲಿ ಮಾತ್ರ ಸೋತೆ. ನನ್ನ ಹಳೆಯ ಲೇಸರ್ ಪ್ರಿಂಟರ್‌ನ ಲಿನಕ್ಸ್ ಡ್ರೈವರ್ 32 ಬಿಟ್ ಕಾಲದ್ದು. ಹಾಕಿದೆ, ಓಡಿತು, ಪ್ರತಿ ಬೆಳಗ್ಗೆ ಕೈಯಿಂದ ಎಬ್ಬಿಸಬೇಕಾಯಿತು. ಆರು ತಿಂಗಳ ಬಳಿಕ ತಯಾರಕರ ಡ್ರೈವರ್ ಇಲ್ಲದೆಯೇ ಮುದ್ರಿಸುವ ಐಪಿಪಿ ಎಂಬ ಸೌಲಭ್ಯದ ನೆಟ್‌ವರ್ಕ್ ಪ್ರಿಂಟರ್ ಕೊಂಡೆ. ಅದು ಪಟ್ಟಿಯಲ್ಲಿ ತಾನಾಗಿಯೇ ಕಾಣಿಸಿಕೊಂಡಿತು, ಇಂದಿನವರೆಗೂ ತಕರಾರಿಲ್ಲ.

ಕನ್ನಡ ಟೈಪಿಂಗ್ ನನಗೆ ದೊರೆತ ದೊಡ್ಡ ಸಂತೋಷ. ಲಿನಕ್ಸ್‌ನಲ್ಲಿ ಬೇರೆ ಲಿಪಿಗಳನ್ನು ಟೈಪಿಸಲು ನೆರವಾಗುವ ಐಬಸ್‌ಗೆ ಎಂ17ಎನ್ ಎಂಬ ಭಾಷಾ ಸೇರ್ಪಡೆ ಹಾಕಿದರೆ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಅದು ಹೊಸದಲ್ಲ. ಆದರೂ ನಾನು ಭಾರತೀಯ ಲಿಪಿಗಳಿಗೆಲ್ಲ ಒಂದೇ ಬಗೆಯಾದ ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತೆ. ಗಡಿನಾಡಿನವನಿಗೆ ಅದರ ಲಾಭ ಬೇರೆ: ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮಲಯಾಳದ ‘ಕ’ ಇದೆ. ಒಂದು ವಿನ್ಯಾಸ ಕಲಿತು ಎರಡು ಲಿಪಿ ಬರೆಯುತ್ತಿದ್ದೇನೆ.

ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನ ಕಡತಗಳಿಗಾಗಿ ವಿಂಡೋಸ್ ಭಾಗವನ್ನು ಉಳಿಸಿಕೊಂಡಿದ್ದೇನೆ. ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಹದಿನೈದು ವರ್ಷ ಕಟ್ಟಿದ ಪುಟಗಳು ಅವು, ಬಿಟ್ಟುಬಿಡಲು ಆಗುವುದಿಲ್ಲ. ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಹೋಗುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಿದ್ದೇನೆ, ಇಲ್ಲವಾದರೆ ಲಿನಕ್ಸ್‌ನಿಂದ ಆ ಭಾಗಕ್ಕೆ ಏನನ್ನೂ ಬರೆಯಲಾಗುವುದಿಲ್ಲ.

ಕಳೆದ ತಿಂಗಳು ಅಂಗಡಿಗೆ ಎರಡನೆಯ ಲ್ಯಾಪ್‌ಟಾಪ್ ಬೇಕಾಯಿತು. ಮಿಂಟ್‌ನ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಕಾಸರಗೋಡಿಗೆ ಹೋದೆ. ಅಂಗಡಿಯವರ ಒಪ್ಪಿಗೆ ಪಡೆದು, ಅಲ್ಲೇ ಮೇಜಿನ ಮೇಲೆ ಬೂಟ್ ಮಾಡಿ, ಮೊದಲು ವೈ-ಫೈಯನ್ನೇ ತೆರೆದೆ. ಎರಡು ಯಂತ್ರಗಳನ್ನು ಬದಿಗಿಟ್ಟು ಮೂರನೆಯದಕ್ಕೆ ಹಣ ಕೊಟ್ಟೆ.