ನೆಕ್ಸಸ್ 9000 ಸ್ವಿಚ್‌ನ ಯೂಸರ್ ರೋಲ್‌ಗಳು: ದೀರ್ಘ ಬಳಕೆಯ ನಂತರದ ವಿಮರ್ಶೆ

ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಡೇಟಾ ಸೆಂಟರ್‌ಗಳ ನೆಟ್‌ವರ್ಕ್ ಸ್ವಿಚ್‌ಗಳಾದ ಸಿಸ್ಕೊ ನೆಕ್ಸಸ್ 9000 ಸರಣಿಯಲ್ಲಿ ಯಾರು ಯಾವ ಕಮಾಂಡ್ ಕೊಡಬಹುದು ಎಂಬುದರ ಜೊತೆಗೆ, ಯಾವ ಪೋರ್ಟ್ ಮುಟ್ಟಬಹುದು ಎಂಬುದನ್ನೂ ರೋಲ್, ಅಂದರೆ ಹಕ್ಕುಗಳ ಪಟ್ಟಿಯ ಮೂಲಕ ಸ್ವಿಚ್‌ನಲ್ಲೇ ಕಟ್ಟಿಹಾಕಬಹುದು. ಇಷ್ಟಿದ್ದರೂ ಬಹಳ ಕಡೆ ಮೊದಲೇ ಬಂದಿರುವ ನೆಟ್‌ವರ್ಕ್-ಅಡ್ಮಿನ್, ನೆಟ್‌ವರ್ಕ್-ಆಪರೇಟರ್ ಎರಡರಲ್ಲೇ ಕೆಲಸ ಸಾಗಿಸುತ್ತಾರೆ. ಅಡ್ಮಿನ್‌ಗೆ ಎಲ್ಲವೂ ಮುಕ್ತ. ಆಪರೇಟರ್ ಬರೀ ನೋಡುವವನು. ಅವನಿಗೆ ಸ್ವಿಚ್‌ನ ಈಗಿನ ಸೆಟ್ಟಿಂಗ್ ತೋರಿಸುವ 'ಶೋ ರನ್ನಿಂಗ್-ಕಾನ್ಫಿಗ್' ಕೂಡ ಸಿಗುವುದಿಲ್ಲ. ಹೀಗಾಗಿ ರಾತ್ರಿ ಪಾಳಿಯವರು ಒಂದು ಸರ್ವರ್ ಪೋರ್ಟ್ ಶಟ್ ಮಾಡಿ ಎಬ್ಬಿಸಬೇಕಾದರೂ ಅಡ್ಮಿನ್ ಪಾಸ್‌ವರ್ಡ್ ಅವರ ಕೈಗೆ ಹೋಗುತ್ತದೆ. ಇದಕ್ಕೆ ಮದ್ದು, ನಾವೇ ಬರೆದುಕೊಳ್ಳುವ ರೋಲ್.

'ರೋಲ್ ನೇಮ್ ಎನ್‌ಒಸಿ-ಎಲ್1' ಎಂದು ಶುರು ಮಾಡಿ (ಎನ್‌ಒಸಿ ಎಂದರೆ ನೆಟ್‌ವರ್ಕ್ ನಿಗಾ ಕೇಂದ್ರ, ಎಲ್1 ಅಲ್ಲಿನ ಮೊದಲ ಹಂತ). ಹೆಸರು 16 ಅಕ್ಷರ ಮೀರಬಾರದು. ಒಂದು ರೋಲ್‌ಗೆ 256 ರೂಲ್‌ಗಳವರೆಗೆ ಜಾಗವಿದೆ, ಆದರೆ ಹತ್ತು ಹದಿನೈದರಲ್ಲಿ ಮುಗಿಯದ ರೋಲ್ ಎಂದರೆ ಯೋಚನೆಯೇ ಎಲ್ಲೋ ತಪ್ಪಿದೆ ಎಂದರ್ಥ. 'ರೂಲ್ 10 ಪರ್ಮಿಟ್ ರೀಡ್' ನೋಡುವ ಹಕ್ಕು ಕೊಡುತ್ತದೆ. ಬದಲಾಯಿಸುವ ಹಕ್ಕನ್ನು ಫೀಚರ್ (ಸಂಬಂಧಿತ ಕಮಾಂಡ್‌ಗಳ ಗುಂಪು) ಲೆಕ್ಕದಲ್ಲೂ ಕೊಡಬಹುದು, ಕಮಾಂಡ್ ಲೆಕ್ಕದಲ್ಲೂ ಕೊಡಬಹುದು. ಯಾವ ಫೀಚರ್ ಹೆಸರುಗಳಿವೆ ಎಂಬುದನ್ನು 'ಶೋ ರೋಲ್ ಫೀಚರ್' ತೋರಿಸುತ್ತದೆ.

ಮೊದಲ ಹಂತದ ಸಿಬ್ಬಂದಿಗೆ ಫೀಚರ್ ಲೆಕ್ಕ ಬೇಡವೇ ಬೇಡ. ಇಂಟರ್‌ಫೇಸ್ ಫೀಚರನ್ನು ರೀಡ್-ರೈಟ್ ಆಗಿ ಕೊಟ್ಟರೆ ಅದರೊಂದಿಗೆ 'ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್' ಕೂಡ ಹೋಗುತ್ತದೆ. ವಿಲ್ಯಾನ್ ಎಂದರೆ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್, ಟ್ರಂಕ್ ಎಂದರೆ ಹಲವು ವಿಲ್ಯಾನ್ ಹೊರುವ ಲಿಂಕ್; ಯಾವ ವಿಲ್ಯಾನ್ ಅದರಲ್ಲಿ ಹೋಗಬಹುದು ಎಂದು ಹೇಳುವುದು ಈ ಕಮಾಂಡ್. ಅದರಲ್ಲಿ 'ಆಡ್' ಎಂಬ ಒಂದು ಪದ ಬಿಟ್ಟು ಹೊಸ ವಿಲ್ಯಾನ್ ಸಂಖ್ಯೆ ಹಾಕಿದರೆ ಟ್ರಂಕ್‌ನಲ್ಲಿದ್ದ ಹಳೆಯ ವಿಲ್ಯಾನ್‌ಗಳೆಲ್ಲ ಒಂದೇ ಏಟಿಗೆ ಹೊರಬೀಳುತ್ತವೆ. ಅದರ ಬದಲು 'ಪರ್ಮಿಟ್ ಕಮಾಂಡ್ ಕಾನ್ಫಿಗರ್ ಟರ್ಮಿನಲ್ ; ಇಂಟರ್‌ಫೇಸ್ * ; ಶಟ್‌ಡೌನ್' ಎಂದು ಬೇಕಾದಷ್ಟೇ ಕೊಡಿ. 'ನೋ ಶಟ್‌ಡೌನ್'ಗೆ ಬೇರೆ ರೂಲ್ ಬರೆಯಿರಿ. 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಅನ್ನೂ ಪ್ರತ್ಯೇಕವಾಗಿ ಕೊಡಬೇಕು. ಇಲ್ಲದಿದ್ದರೆ ಅವರು ಮಾಡಿದ ಬದಲಾವಣೆ ಮುಂದಿನ ರೀಲೋಡ್‌ಗೆ ಮಾಯ.

ರೂಲ್‌ಗಳನ್ನು ಓದುವ ಕ್ರಮದಲ್ಲೇ ಜನ ಎಡವುವುದು. ಆಕ್ಸೆಸ್ ಲಿಸ್ಟ್ (ಟ್ರಾಫಿಕ್ ಬಿಡುವ, ತಡೆಯುವ ನಿಯಮಗಳ ಪಟ್ಟಿ) ಬರೆದು ರೂಢಿಯಾದ ಕೈ ಚಿಕ್ಕ ಸಂಖ್ಯೆಗೆ ಮೊದಲ ಸ್ಥಾನ ಎಂದುಕೊಳ್ಳುತ್ತದೆ. ಇಲ್ಲಿ ಉಲ್ಟಾ: ದೊಡ್ಡ ಸಂಖ್ಯೆಯ ರೂಲ್ ಮೊದಲು. 'ಡಿನೈ ಕಮಾಂಡ್ ಡೀಬಗ್ *' ಅನ್ನು 5ನೇ ಸಂಖ್ಯೆಯಲ್ಲಿಟ್ಟು ವಿಶಾಲವಾದ ಪರ್ಮಿಟ್ ಒಂದನ್ನು 10ರಲ್ಲಿಟ್ಟರೆ ಆ ಡಿನೈ ಇದ್ದೂ ಇಲ್ಲದಂತೆ. ಸಾಮಾನ್ಯ ಅನುಮತಿ ಕೆಳಗಿನ ಸಂಖ್ಯೆಗಳಲ್ಲಿರಲಿ, ನಿರ್ಬಂಧಗಳು 100ರಿಂದ ಮೇಲಿರಲಿ, ನಡುವೆ ಹತ್ತು ಹತ್ತರ ಅಂತರ ಬಿಡಿ.

ಇಂಟರ್‌ಫೇಸ್ ಪಾಲಿಸಿ ಈ ಸ್ವಿಚ್‌ನ ನಿಜವಾದ ಬಲ. ಏನೂ ಹೇಳದಿದ್ದರೆ ರೋಲ್‌ಗೆ ಎಲ್ಲಾ ಪೋರ್ಟ್, ವಿಲ್ಯಾನ್, ವಿಆರ್‌ಎಫ್‌ಗಳೂ (ಬೇರೆ ಬೇರೆ ರೂಟಿಂಗ್ ಟೇಬಲ್‌ಗಳು) ತೆರೆದೇ ಇರುತ್ತವೆ. 93180ವೈಸಿ ಮಾದರಿಯಲ್ಲಿ 48 ಸರ್ವರ್ ಪೋರ್ಟ್, 6 ಅಪ್‌ಲಿಂಕ್ ಪೋರ್ಟ್ (ಉಳಿದ ನೆಟ್‌ವರ್ಕ್‌ಗೆ ಜೋಡಿಸುವವು) ಇವೆ. 'ಇಂಟರ್‌ಫೇಸ್ ಪಾಲಿಸಿ ಡಿನೈ' ಕೊಟ್ಟು, ಅದರೊಳಗೆ 'ಪರ್ಮಿಟ್ ಇಂಟರ್‌ಫೇಸ್ ಈಥರ್ನೆಟ್ 1/1-48' ಎಂದರೆ 49ರಿಂದ 54ರವರೆಗಿನ ಅಪ್‌ಲಿಂಕ್‌ಗಳು ಆ ರೋಲ್‌ನ ಕೈಗೆ ಸಿಗುವುದಿಲ್ಲ. ಸರ್ವರ್‌ಗಳು ಪೋರ್ಟ್-ಚಾನೆಲ್‌ನಲ್ಲಿದ್ದರೆ (ಹಲವು ಪೋರ್ಟ್ ಸೇರಿಸಿ ಒಂದಾಗಿಸಿದ ಲಿಂಕ್) ಆ ಚಾನೆಲ್ ಸಂಖ್ಯೆಗಳನ್ನೂ ಹೆಸರಿಸಿ. ವಿಲ್ಯಾನ್ ಪಾಲಿಸಿಯನ್ನೂ ಹೀಗೇ ಬರೆಯುವುದು.

ಒಬ್ಬರಿಗೆ ಎರಡು ರೋಲ್ ಕೊಟ್ಟಾಗ ಒಂದರ ಡಿನೈ ಇನ್ನೊಂದರ ಪರ್ಮಿಟ್ ಮುಂದೆ ನಿಲ್ಲುವುದಿಲ್ಲ. ತಡೆಯುವುದಕ್ಕೆಂದೇ ಎರಡನೇ ರೋಲ್ ಸೇರಿಸುವುದು ವ್ಯರ್ಥ.

ಲಾಗಿನ್, ಹಕ್ಕುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಟಕ್ಯಾಕ್ಸ್ ಪ್ಲಸ್ ಸರ್ವರ್ ಇರುವ ಕಡೆ ರೋಲ್ ಹೆಸರು, ಸರ್ವರ್ ಕಳಿಸುವ ಸಿಸ್ಕೊ-ಎವಿ-ಪೇರ್ ಎಂಬ ಹೆಸರು-ಮೌಲ್ಯ ಜೋಡಿಯಲ್ಲಿ 'ಶೆಲ್:ರೋಲ್ಸ್' ಆಗಿ ಬರಬೇಕು. ಅದೇ ಸರ್ವರ್ ಹಳೆಯ ಐಒಎಸ್ (ಸಿಸ್ಕೊದ ಬೇರೊಂದು ಆಪರೇಟಿಂಗ್ ಸಿಸ್ಟಂ) ಸ್ವಿಚ್‌ಗಳನ್ನೂ ನೋಡಿಕೊಳ್ಳುತ್ತಿದ್ದರೆ 'ಶೆಲ್:ರೋಲ್ಸ್' ನಂತರದ ಸಮ ಚಿಹ್ನೆಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಆಗ ಅದು ಐಚ್ಛಿಕವಾಗುತ್ತದೆ, ಅರ್ಥವಾಗದ ಡಿವೈಸ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಕಡ್ಡಾಯವಾಗಿ ಕಳಿಸಿದರೆ ಐಒಎಸ್ ಸ್ವಿಚ್‌ನಲ್ಲಿ ಲಾಗಿನ್ ಕೆಡುತ್ತದೆ. ಸರ್ವರ್ ಯಾವ ರೋಲನ್ನೂ ಕಳಿಸದಿದ್ದರೆ ಬಳಕೆದಾರ ನೆಟ್‌ವರ್ಕ್-ಆಪರೇಟರ್ ಆಗಿ ಒಳಗೆ ಬರುತ್ತಾನೆ. ಅದೂ ಬೇಡವಾದರೆ 'ನೋ ಎಎಎ ಯೂಸರ್ ಡಿಫಾಲ್ಟ್-ರೋಲ್'.

ಇಲ್ಲಿ ಎರಡು ಗುಂಡಿಗಳಿವೆ. ಸ್ವಿಚ್‌ನಲ್ಲೂ ಸರ್ವರ್‌ನಲ್ಲೂ ಒಂದೇ ಯೂಸರ್ ಹೆಸರಿದ್ದರೆ ಸ್ವಿಚ್ ತನ್ನಲ್ಲಿರುವ ರೋಲನ್ನೇ ಹಚ್ಚುತ್ತದೆ, ಸರ್ವರ್ ಕಳಿಸಿದ್ದನ್ನಲ್ಲ. ಮರೆತುಹೋದ ಹಳೆಯ ಲೋಕಲ್ ಅಕೌಂಟ್ ಒಂದು ಅಡ್ಮಿನ್ ಹಕ್ಕನ್ನು ಹಾಗೇ ಉಳಿಸಿಬಿಡುತ್ತದೆ. 'ಶೋ ಯೂಸರ್-ಅಕೌಂಟ್' ನೋಡಿ, ಬೇಡದ್ದನ್ನು ಅಳಿಸಿ. ಎರಡನೆಯದು ಇನ್ನೂ ಆಳ: ಟಕ್ಯಾಕ್ಸ್ ಮೂಲಕ ಕಮಾಂಡ್ ಆಥರೈಸೇಶನ್ (ಕಮಾಂಡ್‌ಗಳಿಗೆ ಸರ್ವರ್‌ನ ಅನುಮತಿ ಕೇಳುವುದು) ಹಚ್ಚಿದ ಕ್ಷಣದಿಂದ ಸ್ವಿಚ್‌ನ ರೋಲ್ ತಪಾಸಣೆ ನಿಂತುಹೋಗುತ್ತದೆ. ಕಷ್ಟಪಟ್ಟು ಬರೆದ ರೂಲ್‌ಗಳ ಕೆಲಸವನ್ನು ಪೂರ್ತಿ ಸರ್ವರ್‌ನಲ್ಲೇ ಮತ್ತೆ ಬರೆಯಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಂಡೇ ಶುರು ಮಾಡಿ. ಅರ್ಧ ಅಂಕ ಕಡಿಮೆಯಾದದ್ದು ಇದಕ್ಕೆ, ಇನ್ನರ್ಧ ರೂಲ್‌ಗಳ ತಿರುಗುಮುರುಗು ಕ್ರಮಕ್ಕೆ.

ಪರೀಕ್ಷಿಸುವಾಗ ಅಡ್ಮಿನ್ ಸೆಷನ್ ಮುಚ್ಚಬೇಡಿ. ಬೇರೊಂದು ವಿಂಡೋದಲ್ಲಿ ಹೊಸ ಯೂಸರ್ ಆಗಿ ಒಳಗೆ ಬನ್ನಿ, ಕೊಟ್ಟದ್ದನ್ನೂ ಕೊಡದಿದ್ದನ್ನೂ ಎರಡನ್ನೂ ಟೈಪ್ ಮಾಡಿ ನೋಡಿ. ತಡೆದ ಕಡೆ 'ಪರ್ಮಿಷನ್ ಡಿನೈಡ್ ಫಾರ್ ದ ರೋಲ್' ಬರಬೇಕು. ಯೂಸರ್‌ನ ರೋಲ್ ಬದಲಿಸಿದರೆ ಅದು ಜಾರಿಗೆ ಬರುವುದು ಹೊಸ ಲಾಗಿನ್‌ಗೆ ಮಾತ್ರ, ತೆರೆದಿರುವ ಸೆಷನ್ ಹಳೆಯ ಹಕ್ಕಿನಲ್ಲೇ ಓಡುತ್ತಿರುತ್ತದೆ. ಯಾರು ಏನು ಬದಲಿಸಿದರು ಎಂಬುದು 'ಶೋ ಅಕೌಂಟಿಂಗ್ ಲಾಗ್'ನಲ್ಲಿ ಸಿಗುತ್ತದೆ.

ಸ್ವಿಚ್‌ನೊಳಗಿನ ಲಿನಕ್ಸ್‌ಗೆ ದಾರಿಯಾದ ಬ್ಯಾಶ್ ಶೆಲ್ ತೆರೆಯುವ 'ರನ್ ಬ್ಯಾಶ್' ಯಾವ ಸಣ್ಣ ರೋಲ್‌ಗೂ ಹೋಗದಂತೆ ನೋಡಿಕೊಳ್ಳಿ. ಹೊರಗಿನ ವೆಂಡರ್ ಎಂಜಿನಿಯರ್‌ಗೆ ಅಕೌಂಟ್ ಮಾಡುವಾಗ ಯೂಸರ್‌ನೇಮ್ ಸಾಲಿನಲ್ಲೇ 'ಎಕ್ಸ್‌ಪೈರ್' ಎಂದು ವರ್ಷ-ತಿಂಗಳು-ದಿನ ಕ್ರಮದಲ್ಲಿ ತಾರೀಖು ಹಾಕಿ. ಕೆಲಸ ಮುಗಿದ ಮೇಲೆ ತೆಗೆಯಲು ಯಾರಿಗೂ ನೆನಪಾಗದಿದ್ದರೂ ಆ ಅಕೌಂಟ್ ಅಂದಿಗೆ ತಾನೇ ಮುಚ್ಚುತ್ತದೆ.