ಬಾಟ್ ಕೊಡುವ ಸಿಎಲ್‌ಎ ಓದಿ, ಆಮೇಲೆ ಕೋಡ್ ಕಳಿಸಿ

ದೊಡ್ಡ ಕಂಪನಿಗಳ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೋಡ್ ಕಳಿಸುವವರು ನಮ್ಮ ಶಿವಮೊಗ್ಗದಲ್ಲೂ ಇದ್ದಾರೆ. ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಮನವಿ) ಹಾಕಿದ ಕೂಡಲೇ ಒಂದು ಬಾಟ್, ಅಂದರೆ ತಾನೇ ಉತ್ತರಿಸುವ ಪ್ರೋಗ್ರಾಂ, ಬಂದು ಸಿಎಲ್‌ಎಗೆ (ಕೋಡ್ ಕೊಡುವವರು ಕಂಪನಿಗೆ ಬರೆದುಕೊಡುವ ಒಪ್ಪಂದಕ್ಕೆ) ಒಪ್ಪಿಗೆ ಕೊಡಿ ಅನ್ನುತ್ತದಲ್ಲ, ಅಲ್ಲಿ ಸ್ವಲ್ಪ ನಿಲ್ಲಿ.

ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸಿಕೊಡುವುದು ನನ್ನ ಕೆಲಸ. ಯಾವ ರೈತರದು ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು (ಇವೆಲ್ಲ ಅಡಿಕೆಯ ಬಗೆಗಳು) ಅಂತ ಹುಡುಕಲು ಒಂದು ವಿದೇಶಿ ಕಂಪನಿಯ ಸರ್ಚ್ ಸಾಫ್ಟ್‌ವೇರ್ ಹಾಕಿದ್ದೆ. ಆಗ ಅದು ಎಜಿಪಿಎಲ್‌ನಲ್ಲಿತ್ತು, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಅದೇ ಷರತ್ತಿನಲ್ಲಿ ಹಂಚಬಹುದಾದ ಲೈಸೆನ್ಸಿನಲ್ಲಿ. ಕನ್ನಡದಲ್ಲಿ ಮಾತ್ರ ಎಡವುತ್ತಿತ್ತು. ರಾಜ್‌ಕುಮಾರ್ ಅನ್ನುವ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಒಬ್ಬ ಗುಮಾಸ್ತರು ಅದನ್ನು ಹಾಕಿ ಇನ್ನೊಬ್ಬರು ಬಿಟ್ಟರೆ ಒಬ್ಬನೇ ರೈತ ಇಬ್ಬರಾಗಿ, ಅವರ ಬಾಕಿ ಲೆಕ್ಕ ಎರಡು ಕಡೆ ಹಂಚಿಹೋಗುತ್ತದೆ. ಅದನ್ನು ಸರಿಮಾಡಿ, ಸಿಎಲ್‌ಎಗೂ ಒಪ್ಪಿ ಕಳಿಸಿದೆ. ಹೊಗಳಿ ಸೇರಿಸಿಕೊಂಡರು.

ಆಮೇಲೆ ಕಂಪನಿ ಲೈಸೆನ್ಸೇ ಬದಲಿಸಿತು. ಹೊಸ ಆವೃತ್ತಿಯನ್ನು ಬೇರೆಯವರಿಗೆ ಸರ್ವಿಸ್ ಆಗಿ ಕೊಟ್ಟರೆ ದುಡ್ಡು ಕಟ್ಟಬೇಕಂತೆ. ನಾನು ಮಂಡಿಯವರಿಗೆ ಕೊಡುವುದೇ ಹಾಗೆ ಅಲ್ವಾ? ಕೇಳಿದ್ದಕ್ಕೆ ಸೇಲ್ಸ್‌ನವರು ಕೊಟೇಶನ್ ಕಳಿಸಿದರು. ನಾನು ಬರೆದ ಕನ್ನಡದ ಕೋಡಿಗೂ ಸೇರಿಸಿ!

ಎಜಿಪಿಎಲ್ ಪ್ರಾಜೆಕ್ಟಿನಲ್ಲಿ ಹಲವರ ಕೋಡ್ ಇದ್ದರೆ, ಅವರೆಲ್ಲ ಒಪ್ಪದೆ ಕಂಪನಿ ಇಂಥ ಲೈಸೆನ್ಸಿಗೆ ಹೋಗುವಂತಿಲ್ಲ. ಆ ಒಪ್ಪಿಗೆಯನ್ನು ಮುಂಚೆಯೇ ಬರೆಸಿಕೊಳ್ಳಲು ಸಿಎಲ್‌ಎ ಬೇಕು. ಇದೇನು ಹೊಸದಲ್ಲ. ಮಾಂಗೋಡಿಬಿ ಅನ್ನುವ ಡೇಟಾಬೇಸ್ 2018ರಲ್ಲಿ ಎಜಿಪಿಎಲ್ ಬಿಟ್ಟು ಎಸ್‌ಎಸ್‌ಪಿಎಲ್ ಅನ್ನುವ ಬಿಗಿ ಲೈಸೆನ್ಸಿಗೆ ಹೋಯಿತು. ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಸರ್ವರ್ ಸಜ್ಜು ಮಾಡುವ ತನ್ನ ಟೆರಾಫಾರ್ಮನ್ನು ಬಿಎಸ್‌ಎಲ್ ಅನ್ನುವ ಇನ್ನೊಂದು ಬಿಗಿ ಲೈಸೆನ್ಸಿಗೆ ಒಯ್ದಿತು, ಅದಕ್ಕೇ ಓಪನ್‌ಟೋಫು ಅನ್ನುವ ಫೋರ್ಕ್ (ಹಳೆಯ ಕೋಡನ್ನು ಬೇರೆಯವರು ಮುಂದುವರಿಸುವ ಕವಲು) ಹುಟ್ಟಿತು. ಕ್ಲೌಡ್ ಕಂಪನಿಗಳು ನಮ್ಮದನ್ನು ಮಾರಿ ದುಡ್ಡು ಮಾಡುತ್ತವೆ ಅನ್ನುವುದು ಇಂಥವರ ದೂರು. ಅದು ಪೂರ್ತಿ ಸುಳ್ಳಲ್ಲ. ಆದರೆ ಕೋಣಗಳ ಗುದ್ದಾಟದಲ್ಲಿ ಗಿಡದ ಗತಿ ಏನು?

ಸಿಎಲ್‌ಎಯಲ್ಲಿ ಎರಡು ಥರ ಇದೆ. ಕೆಲವು ಕೋಡಿನ ಹಕ್ಕನ್ನೇ ಬರೆಸಿಕೊಳ್ಳುತ್ತವೆ, ಕೆಲವು ಬೇಕಾದ ಹಾಗೆ ಬಳಸುವ ಅನುಮತಿ ಮಾತ್ರ ಕೇಳುತ್ತವೆ. ನನ್ನದು ಎರಡನೆಯದು, ಹಾಗಾಗಿ ಕೋಡ್ ಇನ್ನೂ ನನ್ನದೇ. ಅದನ್ನು ಬೇರೆ ರೆಪೋದಲ್ಲಿ (ಕೋಡ್ ಇಡುವ ಜಾಗದಲ್ಲಿ) ಯಾರು ಬೇಕಾದರೂ ಬಳಸಬಹುದಾದ ಅಪಾಚೆ ಲೈಸೆನ್ಸಿನಡಿ ಹಾಕಿದ್ದೇನೆ. ಲಿನಕ್ಸ್ ಕರ್ನಲ್‌ನವರು ಸಿಎಲ್‌ಎ ಕೇಳುವುದೇ ಇಲ್ಲ. ಕಮಿಟ್‌ನಲ್ಲಿ, ಅಂದರೆ ಕಳಿಸುವ ಪ್ರತಿ ಬದಲಾವಣೆಯಲ್ಲಿ, ಡಿಸಿಒ (ಈ ಕೋಡ್ ಕೊಡುವ ಹಕ್ಕು ನನಗಿದೆ ಅನ್ನುವ ಹೇಳಿಕೆ) ಪ್ರಕಾರ ಒಂದು ಸಾಲಿನ ಸಹಿ ಸಾಕು, ಅದರಿಂದ ಲೈಸೆನ್ಸ್ ಬದಲಿಸುವ ಹಕ್ಕು ಯಾರಿಗೂ ಹೋಗುವುದಿಲ್ಲ.

ಆ ಸರ್ಚ್ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಎಜಿಪಿಎಲ್‌ನಲ್ಲೇ ಉಳಿದಿದೆ, ಅದನ್ನು ಯಾರೂ ಕಿತ್ತುಕೊಳ್ಳಲಾಗದು. ನಮ್ಮ ಮಂಡಿಗಳಲ್ಲಿ ಈಗ ಓಡುತ್ತಿರುವುದೂ ಅದೇ. ಸೆಕ್ಯುರಿಟಿ ಪ್ಯಾಚ್ ಮಾತ್ರ ಕಂಪನಿಯಿಂದ ಬರುತ್ತಿಲ್ಲ, ಸುಮ್ನೆ ಕೂರುವ ಹಾಗಿಲ್ಲ. ಫೋರ್ಕ್ ಮಾಡಲು ಜೊತೆಗೆ ಬರುವವರಿದ್ದರೆ ಹೇಳಿ.