ವಿಂಡೋಸ್ 7: ಬೆಂಬಲ ನಿಂತ ನಂತರದ ವರ್ಷಗಳು, ಶಿರಸಿಯ ಡಿಟಿಪಿ ಅಂಗಡಿಯಿಂದ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಹಳೆಯ ಪೇಜ್‌ಮೇಕರ್ (ಪುಟ ಕಟ್ಟುವ ತಂತ್ರಾಂಶ), ಹಳೆಯ ಫಾಂಟ್, ಹಳೆಯ ಪ್ರಿಂಟರ್ ಇಟ್ಟುಕೊಂಡು ದುಡಿಯುವವರಿಗೆ ವಿಂಡೋಸ್ 7 ಈಗಲೂ ನಂಬಿಕಸ್ಥ. ಆದರೆ ಅದಕ್ಕೆ ಇಂಟರ್ನೆಟ್ ಕೊಡಬಾರದು. ಕೇಬಲ್ ಕಿತ್ತು, ವೈಫೈ ತೆಗೆದು ಬಳಸುವುದಾದರೆ ಐದಕ್ಕೆ ನಾಲ್ಕು ಅಂಕ. ಬ್ಯಾಂಕು, ಇ-ಮೇಲ್, ಜಿಎಸ್‌ಟಿ ಎಲ್ಲವೂ ಅದರಲ್ಲೇ ಆಗಬೇಕು ಎನ್ನುವವರಿಗಾದರೆ ಒಂದಂಕಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ.

ಶಿರಸಿ ಪೇಟೆಯಲ್ಲಿ ನಮ್ಮದು ಡಿಟಿಪಿ ಅಂಗಡಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ಅಂಗಡಿ. ಜೊತೆಗೆ ಸ್ಕ್ರೀನ್ ಪ್ರಿಂಟಿಂಗ್. ಮದುವೆ, ಉಪನಯನದ ಆಮಂತ್ರಣ, ಯಕ್ಷಗಾನದ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ರಸೀದಿ ಪುಸ್ತಕ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಅಂಗಡಿಗಳ ದರಪಟ್ಟಿ. ಇವುಗಳಲ್ಲಿ ಬಹುಪಾಲು ಹತ್ತು ವರ್ಷಕ್ಕೂ ಮಿಗಿಲಾಗಿ ಒಂದೇ ಯಂತ್ರದಲ್ಲಿ ಸಿದ್ಧವಾಗಿವೆ. ಡ್ಯುಯಲ್ ಕೋರ್ ಪ್ರೊಸೆಸರ್, 4 ಜಿಬಿ ರ್‍ಯಾಮ್, ವಿಂಡೋಸ್ 7ರ 32 ಬಿಟ್ ಆವೃತ್ತಿ. 32 ಬಿಟ್ ಆದ್ದರಿಂದ 4 ಜಿಬಿ ಹಾಕಿದರೂ ಪೂರ್ತಿ ದಕ್ಕುವುದಿಲ್ಲ, ಮೂರು ಚಿಲ್ಲರೆ ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ. ಆಮಂತ್ರಣ ಪತ್ರಿಕೆಗೆ ಅದು ಧಾರಾಳವಾಯಿತು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲಂತೂ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚುವಷ್ಟರಲ್ಲಿ ಯಂತ್ರ ಸಿದ್ಧವಾಗಿರುತ್ತದೆ.

ವಿಂಡೋಸ್ 7 ಹೊರಬಂದದ್ದು 2009ರ ಅಕ್ಟೋಬರ್ 22ರಂದು. ಭದ್ರತಾ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ನಿಲ್ಲಿಸಿತು. ದುಡ್ಡು ಕಟ್ಟಿದ ಸಂಸ್ಥೆಗಳಿಗೆ ಮಾತ್ರ 2023ರ ಜನವರಿಯವರೆಗೆ ಮುಂದುವರಿಸಿತು. ಬೆಂಬಲ ನಿಂತ ಮರುದಿನ ಪರದೆ ತುಂಬ ಒಂದು ಎಚ್ಚರಿಕೆ ಬಂತು. ಅದನ್ನು ಮುಚ್ಚಿದರೆ ಎಲ್ಲವೂ ಹಿಂದಿನ ದಿನದಂತೆಯೇ ಇತ್ತು. ನಮ್ಮ ಕಡೆಯ ಜನ ಮೋಸಹೋಗುವುದು ಇಲ್ಲಿಯೇ. ಯಂತ್ರ ನಿಲ್ಲಲಿಲ್ಲವಲ್ಲ, ಹೆದರಿಸುವುದೆಲ್ಲ ಹೊಸದನ್ನು ಮಾರಲಿಕ್ಕೆ ಎಂದುಕೊಳ್ಳುತ್ತಾರೆ. ನಿಲ್ಲುವುದು ಯಂತ್ರವಲ್ಲ, ರಿಪೇರಿ. ಹೊಸ ದೋಷ ಪತ್ತೆಯಾದರೆ ಮುಚ್ಚುವವರು ಯಾರೂ ಇರುವುದಿಲ್ಲ. ಇದಕ್ಕಿಂತ ಕೆಟ್ಟ ಸಂಗತಿಯೊಂದಿದೆ: ವಿಂಡೋಸ್‌ನ ಹಳೆಯ ಮತ್ತು ಹೊಸ ಆವೃತ್ತಿಗಳಲ್ಲಿ ಎಷ್ಟೋ ಭಾಗ ಒಂದೇ. ಹೊಸದಕ್ಕೆ ರಿಪೇರಿ ಬಿಟ್ಟಾಗ ಯಾವ ಜಾಗದಲ್ಲಿ ತೂತಿತ್ತು ಎಂಬುದನ್ನು ಬಲ್ಲವರು ಅದರಿಂದಲೇ ಪತ್ತೆಹಚ್ಚುತ್ತಾರೆ. ಅದೇ ತೂತು ಹಳೆಯದರಲ್ಲಿಯೂ ಇದ್ದರೆ ಅದು ಕಾಯಂ ಆಗಿ ತೆರೆದೇ ಉಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಏಕೆ ಬಿಡಲಿಲ್ಲ ಎಂದು ಕೇಳುತ್ತಾರೆ. ಹೊಸ ಕಂಪ್ಯೂಟರಿಗೆ ದುಡ್ಡಿಲ್ಲವೆಂದಲ್ಲ. ನನ್ನ ಫೈಲುಗಳು ಅಲ್ಲಿವೆ.

ಯಕ್ಷಗಾನದ ಹಂಗಾಮು ಶುರುವಾದರೆ ಹುಲೇಕಲ್ ಕಡೆಯ ಹಿರಿಯರೊಬ್ಬರು ಪ್ರತಿ ವರ್ಷ ಬರುತ್ತಾರೆ. "ಹೋದ ವರ್ಷದ್ದೇ ಇರಲಿ ತಂಗೀ, ತಾರೀಖು ಮತ್ತು ಪ್ರಸಂಗದ ಹೆಸರು ಮಾತ್ರ ಬದಲಿಸಿ ಕೊಡು" ಎನ್ನುತ್ತಾರೆ. ಹಿಮ್ಮೇಳದ ಸಾಲಿನಲ್ಲಿ ಭಾಗವತರ ಹೆಸರು ಎಷ್ಟು ದೊಡ್ಡದಿರಬೇಕು, ಮದ್ದಳೆ ಮತ್ತು ಚಂಡೆಯವರ ಹೆಸರು ಯಾವ ಕ್ರಮದಲ್ಲಿ ಬರಬೇಕು, ಮುಮ್ಮೇಳದಲ್ಲಿ ಯಾರ ಹೆಸರಿನ ಕೆಳಗೆ ಯಾರ ಹೆಸರು ಬಂದರೆ ಬೇಸರವಾಗುವುದಿಲ್ಲ, ಎಲ್ಲವೂ ಆ ಹಳೆಯ ಪುಟದಲ್ಲಿ ಒಮ್ಮೆ ತೀರ್ಮಾನವಾಗಿ ಕೂತಿದೆ. ಅದು ಪೇಜ್‌ಮೇಕರ್ 7ರ ಫೈಲು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಾದ ಮೇಲೆ ಅಡೋಬಿ ಅದರ ಹೊಸ ಆವೃತ್ತಿ ತರಲೇ ಇಲ್ಲ. ಅದಕ್ಕೆ ಯೂನಿಕೋಡ್ ಕನ್ನಡ, ಅಂದರೆ ಈಗಿನ ಕಂಪ್ಯೂಟರುಗಳೆಲ್ಲ ಒಂದೇ ರೀತಿ ಓದುವ ಕನ್ನಡ, ಗೊತ್ತಿಲ್ಲ. ಆದ್ದರಿಂದ ಆ ಪುಟದ ಕನ್ನಡವೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟಿನಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಭಾಗವತರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಅಕ್ಷರಗಳ ರಾಶಿ ಕಾಣುತ್ತದೆ. ಕರ್ನಾಟಕದ ಎಷ್ಟು ಊರುಗಳ ಎಷ್ಟು ಅಂಗಡಿಗಳಲ್ಲಿ ಇಂಥ ಪುಟಗಳು ಬಿದ್ದಿವೆಯೋ ಎಂದು ಯೋಚಿಸಿದರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. ದೇವಸ್ಥಾನಗಳ ಸ್ಮರಣ ಸಂಚಿಕೆ, ಶಾಲೆಗಳ ಸುವರ್ಣ ಮಹೋತ್ಸವದ ಪುಸ್ತಕ, ಊರಿನ ಕವಿಗಳ ಸಂಕಲನ, ಇವುಗಳ ಮೂಲ ಫೈಲು ಇರುವುದು ಇಂಥ ಯಂತ್ರಗಳಲ್ಲಿಯೇ.

ಪ್ರಿಂಟರಿನ ಕಥೆ ಚಿಕ್ಕದು. ಟ್ರೇಸಿಂಗ್ ಪೇಪರಿನ ಮೇಲೆ ಕಪ್ಪನ್ನು ಗಟ್ಟಿಯಾಗಿ ಕೂರಿಸುವ ನಮ್ಮ ಹಳೆಯ ಲೇಸರ್ ಪ್ರಿಂಟರಿಗೆ ಇರುವುದು 32 ಬಿಟ್ ಡ್ರೈವರ್ (ಪ್ರಿಂಟರನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ) ಮಾತ್ರ. 64 ಬಿಟ್ ವಿಂಡೋಸ್ ಅದನ್ನು ಒಪ್ಪುವುದಿಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ.

ಕಾರವಾರದಲ್ಲಿರುವ ನಮ್ಮ ಭಾವನವರ ಗ್ಯಾರೇಜಿನಲ್ಲಿ ಇನ್ನೂ ಹಳೆಯದಿದೆ. ಅವರ ವೀಲ್ ಅಲೈನ್‌ಮೆಂಟ್ ಯಂತ್ರದ ಜೊತೆ ಬಂದ ಕಂಪ್ಯೂಟರಿನಲ್ಲಿ ಓಡುವುದು ವಿಂಡೋಸ್ ಎಕ್ಸ್‌ಪಿ, ಅಂದರೆ 2014ರ ಏಪ್ರಿಲ್ 8ಕ್ಕೆ ಬೆಂಬಲ ಮುಗಿದದ್ದು. ಯಂತ್ರ ಕಂಪ್ಯೂಟರಿನ ಜೊತೆ ಮಾತನಾಡುವುದು ಸೀರಿಯಲ್ ಪೋರ್ಟ್ ಎಂಬ ಹಳೆಯ ಕಾಲದ ಸಂಪರ್ಕದ ಮೂಲಕ. ಕಂಪ್ಯೂಟರ್ ಬದಲಿಸಬೇಕೆಂದರೆ ಅಲೈನ್‌ಮೆಂಟ್ ಯಂತ್ರವನ್ನೇ ಬದಲಿಸಬೇಕು, ಆ ಮಾತು ಲಕ್ಷಗಳ ಲೆಕ್ಕಕ್ಕೆ ಹೋಗುತ್ತದೆ. ಆ ಕಂಪ್ಯೂಟರಿಗೆ ಎಂದೂ ಇಂಟರ್ನೆಟ್ ಕೊಟ್ಟಿಲ್ಲ. ಅದು ನೋಡುವುದು ಚಕ್ರದ ಕೋನ ಮಾತ್ರ. ಅದು ಎಕ್ಸ್‌ಪಿ ಎಂದು ನಾನು ಅವರನ್ನು ದೂರುವುದಿಲ್ಲ. ಕಡಲ ಗಾಳಿಯ ಉಪ್ಪು ಅದನ್ನು ವೈರಸ್ಸಿಗಿಂತ ಮೊದಲು ತಿನ್ನುತ್ತದೆ.

ಮಳೆಗಾಲವನ್ನು ಬಿಟ್ಟು ನಮ್ಮ ಜಿಲ್ಲೆಯಲ್ಲಿ ಯಾವ ಕಂಪ್ಯೂಟರಿನ ವಿಮರ್ಶೆಯೂ ಪೂರ್ತಿಯಾಗದು. ಜೂನ್ ಕಳೆದು ಜುಲೈ ಬಂದರೆ ಹಳೆಯ ಯಂತ್ರ ಕೆಲವು ಬೆಳಿಗ್ಗೆ ಬೀಪ್ ಎನ್ನುತ್ತದೆ, ಪರದೆ ಬರುವುದಿಲ್ಲ. ಹೊಸಬರು ವಿಂಡೋಸ್ ಹೋಯಿತೆಂದು ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಲು ಒಯ್ಯುತ್ತಾರೆ. ಒಯ್ಯಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬದಿಯ ಮುಚ್ಚಳ ತೆಗೆದು ರ್‍ಯಾಮ್ ಪಟ್ಟಿಯನ್ನು ಹೊರಗೆ ಎಳೆಯಿರಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸುಕು ಕಟ್ಟಿರುತ್ತದೆ. ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕಟಕ್ ಎನ್ನುವಂತೆ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೊಂದು ಕಾಟ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲಿನದು, ಸಿಆರ್ 2032. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ನೆಟ್ ಇಲ್ಲದ ಯಂತ್ರ ತಾರೀಖನ್ನು ತಾನೇ ಸರಿಪಡಿಸಿಕೊಳ್ಳಲಾರದು, ಬಿಲ್ಲಿನ ಮೇಲೆ ಹತ್ತು ವರ್ಷ ಹಳೆಯ ದಿನಾಂಕ ಬೀಳುತ್ತದೆ. ಇಷ್ಟಾದರೂ ವಿಂಡೋಸ್ 7ರ ಗಟ್ಟಿತನವನ್ನು ಮೆಚ್ಚಲೇಬೇಕು. ಯುಪಿಎಸ್ ಕೈಕೊಟ್ಟು ನಡುವೆ ಆರಿಹೋದರೂ ಮತ್ತೆ ಎದ್ದು ನಿಲ್ಲುತ್ತದೆ. ಕೆಲಸದ ಮಧ್ಯೆ ಅಪ್‌ಡೇಟ್ ಎಂದು ಅರ್ಧ ಗಂಟೆ ಕೂರಿಸುವುದಿಲ್ಲ. ನಾಳೆ ಮುಹೂರ್ತ, ಇವತ್ತು ಸಂಜೆ ಪತ್ರಿಕೆ ಕೊಡಬೇಕು ಎನ್ನುವಾಗ ಇದರ ಬೆಲೆ ತಿಳಿಯುತ್ತದೆ.

ಇಂಟರ್ನೆಟ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕಾಗಿ. ವಿಂಡೋಸ್ 7ಕ್ಕೆ ಸಿಕ್ಕ ಕೊನೆಯ ಕ್ರೋಮ್ 109ನೆಯ ಆವೃತ್ತಿ. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕಾಯಿತು. ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿಗೆ ಮೊಜಿಲ್ಲಾ ಗಡುವನ್ನು ಹಲವು ಬಾರಿ ಮುಂದೂಡಿ ಉಪಕಾರ ಮಾಡಿತು. ಆದರೆ ಬ್ರೌಸರ್ ಎಷ್ಟು ಹೊಸದಾದರೂ ಕೆಳಗಿನ ವಿಂಡೋಸ್ ಹಳೆಯದೇ. ಆ್ಯಂಟಿವೈರಸ್ ಇದೆಯಲ್ಲ ಎನ್ನುವವರಿಗೂ ಇದೇ ಮಾತು: ಅದು ಗುರುತು ಸಿಕ್ಕ ಕಳ್ಳನನ್ನು ಹಿಡಿಯಬಹುದು, ಗೋಡೆಯ ತೂತನ್ನು ಮುಚ್ಚುವುದಿಲ್ಲ.

ನಾನು ಜಾಗ್ರತೆಯಿಂದ ಇರುತ್ತೇನೆ, ಗೊತ್ತಿಲ್ಲದ ಲಿಂಕ್ ಒತ್ತುವುದಿಲ್ಲ ಎನ್ನುವವರು 2017ರ ಮೇ 12ನ್ನು ನೆನೆಯಬೇಕು. ಅಂದು ಹರಡಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ವೈರಸ್ ಯಾರ ಕ್ಲಿಕ್ಕಿಗೂ ಕಾಯಲಿಲ್ಲ. ಫೈಲ್ ಹಂಚಿಕೆಯ ಹಳೆಯ ವ್ಯವಸ್ಥೆಯಲ್ಲಿದ್ದ ದೋಷದ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ದಾಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7. ಆಗ ಅದಕ್ಕೆ ಬೆಂಬಲವಿತ್ತು, ರಿಪೇರಿ ಮಾರ್ಚಿನಲ್ಲಿಯೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಈಗ ಹಾಕಿಕೊಳ್ಳಲು ರಿಪೇರಿಯೇ ಬರುವುದಿಲ್ಲ. ನಮ್ಮ ಪೇಟೆಯ ವ್ಯಾಪಾರಿಯೊಬ್ಬರ ಲೆಕ್ಕಪತ್ರವೆಲ್ಲ ಒಂದು ಬೆಳಿಗ್ಗೆ ಬೀಗ ಬಿದ್ದ ಸ್ಥಿತಿಯಲ್ಲಿತ್ತು. ಪ್ರತಿ ಫೈಲಿನ ಹೆಸರಿನ ಬಾಲ ಬದಲಾಗಿತ್ತು, ಪ್ರತಿ ಫೋಲ್ಡರಿನಲ್ಲಿ ಹಣ ಕೇಳುವ ಒಂದು ಚೀಟಿ. ಅಡಿಕೆ ಬೆಳೆಗಾರರಿಗೆ ಕೊಡಬೇಕಾದ ಬಾಕಿಯ ಲೆಕ್ಕವನ್ನು ಅವರು ಹಳೆಯ ರಸೀದಿಗಳನ್ನು ನೆಲದ ಮೇಲೆ ಹರಡಿಕೊಂಡು ಮತ್ತೆ ಬರೆದರು. ನೋಡಲಾಗಲಿಲ್ಲ.

ನೆಟ್ ಕಿತ್ತ ಮೇಲೆ ಉಳಿಯುವ ದಾರಿ ಪೆನ್‌ಡ್ರೈವ್. ಡಿಟಿಪಿ ಅಂಗಡಿಗೆ ಅದು ನಿತ್ಯದ ಅತಿಥಿ. ಗಿರಾಕಿ ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಮೂಲೆಯಲ್ಲಿ ಪುಟ್ಟ ಬಾಣದ ಗುರುತು ಹೊತ್ತು ಕೂತಿರುತ್ತವೆ. ಫೈಲು ಹೋಗಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತದೆ. ಆ ಶಾರ್ಟ್‌ಕಟ್ ಮೇಲೆ ಒತ್ತಿದರೆ ವೈರಸ್ ನಮ್ಮ ಯಂತ್ರಕ್ಕೆ ಇಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಪೆನ್‌ಡ್ರೈವ್ ಮೊದಲು ಹೋಗುವುದು ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದ ಇನ್ನೊಂದು ಕಂಪ್ಯೂಟರಿಗೆ. ಅಲ್ಲಿ ಬೇಕಾದ ಫೋಟೊ ಮತ್ತು ಪಠ್ಯವನ್ನಷ್ಟೇ ಅಂಗಡಿಯದೇ ಆದ ಪೆನ್‌ಡ್ರೈವಿಗೆ ಹಾಕಿ ಹಳೆಯದಕ್ಕೆ ಕೊಡುತ್ತೇನೆ. ವಾಟ್ಸ್ಆ್ಯಪ್, ಬ್ಯಾಂಕು, ಇ-ಮೇಲ್ ಎಲ್ಲವೂ ಆ ಲಿನಕ್ಸ್ ಯಂತ್ರದ್ದೇ ಕೆಲಸ. ಕನ್ನಡ ಟೈಪಿಂಗಿಗೆ ಅದರಲ್ಲೂ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಸಿಗುವುದರಿಂದ ನುಡಿಗೆ ಒಗ್ಗಿದ ಬೆರಳುಗಳಿಗೆ ತೊಡಕಾಗುವುದಿಲ್ಲ.

ಈ ಮಾತು ವಿಂಡೋಸ್ 7ಕ್ಕೆ ಮಾತ್ರ ಸೀಮಿತವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತು, ಅದನ್ನು ಬಿಡಬಾರದು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳು ಈ ಒಂದು ಕಾರಣಕ್ಕೆ ಗುಜರಿಯ ದಾರಿ ಹಿಡಿಯುವುದು ನನಗೆ ಸರಿಕಾಣುವುದಿಲ್ಲ. ಅವುಗಳಿಗೆ ಲಿನಕ್ಸ್ ಮಿಂಟ್‌ನಂಥದ್ದನ್ನು ಹಾಕಿ ಮಕ್ಕಳ ಓದಿಗೋ ಅಂಗಡಿಯ ಲೆಕ್ಕಕ್ಕೋ ಇಟ್ಟುಕೊಳ್ಳಬಹುದು.

ನನ್ನ ಹಾಗೆ ಹಳೆಯದನ್ನು ಉಳಿಸಿಕೊಳ್ಳಲೇಬೇಕಾದವರು ಎರಡು ಕೆಲಸ ಈಗಲೇ ಮಾಡಿ. ಓಡುತ್ತಿರುವ ಡಿಸ್ಕಿನ ಪೂರ್ತಿ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಡಿ. ಯಂತ್ರ ಸತ್ತ ಮೇಲೆ ಹೊಸ ಬೋರ್ಡಿಗೆ ವಿಂಡೋಸ್ 7 ಹಾಕಲು ಹೋದರೆ ಸಿಡಿಯಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲದೆ ಕೀಬೋರ್ಡ್, ಮೌಸ್ ಕೂಡ ಅಲುಗಾಡದಿರಬಹುದು. ಜೊತೆಗೆ, ಹೊಸ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶ) ಹಾಕಿ, ಅದರೊಳಗೆ ವಿಂಡೋಸ್ 7 ಕೂರಿಸಿ, ನೆಟ್‌ವರ್ಕ್ ಆಫ್ ಮಾಡಿ ಪೇಜ್‌ಮೇಕರ್ ಓಡಿಸಿ ನೋಡಿ. ನಮ್ಮಲ್ಲಿ ಚೆನ್ನಾಗಿ ಓಡುತ್ತಿದೆ. ಹಳೆಯ ಪ್ರಿಂಟರ್ ಮಾತ್ರ ಆ ದಾರಿಗೆ ಇನ್ನೂ ಬಂದಿಲ್ಲ, ಪಿಡಿಎಫ್ ಮಾಡಿ ಬೇರೆ ಪ್ರಿಂಟರಿಗೆ ಕೊಡುತ್ತಿದ್ದೇನೆ.

ಫೈಲುಗಳನ್ನು ಯೂನಿಕೋಡಿಗೆ ತರುವ ಕೆಲಸ ನಿಧಾನದ್ದು. ಲಿಬ್ರೆ ಆಫೀಸ್ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ. ಪುಟದ ಅಂದ ಕೆಡುತ್ತದೆ, ಪಠ್ಯ ಸಿಗುತ್ತದೆ. ಅದನ್ನು ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಕ್ಕೆ ಹಾಕಿದರೆ ಹೆಚ್ಚಿನದೆಲ್ಲ ಸರಿಯಾಗಿ ಬರುತ್ತದೆ. ಅರ್ಕಾವತ್ತಿನ ಕಡೆ ಮಾತ್ರ ಕಣ್ಣಿಟ್ಟಿರಬೇಕು. ಆಸ್ಕಿಯಲ್ಲಿ ಅದು ಅಕ್ಷರವಾದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರ ಕಾರ ಮೊದಲು ಬರಬೇಕು, ಹೀಗಾಗಿ "ಪೂರ್ಣಿಮಾ", "ಕಾರ್ತಿಕ" ಇಂಥ ಕಡೆ ತಪ್ಪು ನುಸುಳುವ ಸಂಭವ. ಕನ್ನಡದ ನಡುವೆ ಇಂಗ್ಲಿಷಿನಲ್ಲಿದ್ದ ವಿಳಾಸವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಪುಟವನ್ನು ಮತ್ತೆ ಕಟ್ಟಲು ಸ್ಕ್ರೈಬಸ್ 1.6 ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸುತ್ತಿದ್ದೇನೆ, ಅದು ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಮೊದಲು ಸ್ಮರಣ ಸಂಚಿಕೆಗಳು, ಆಮೇಲೆ ಕವನ ಸಂಕಲನಗಳು, ಈಗ ಯಕ್ಷಗಾನದ ಕರಪತ್ರಗಳ ಸರದಿ. ರಸೀದಿ ಪುಸ್ತಕ ಮತ್ತು ವಿಸಿಟಿಂಗ್ ಕಾರ್ಡುಗಳನ್ನು ಹಳೆಯ ಯಂತ್ರದಲ್ಲಿಯೇ ಬಿಟ್ಟಿದ್ದೇನೆ. ಬೇಕಾದಾಗ ಅವನ್ನು ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ.